ಶೇಂಗಾ ಅಲ್ಲ, ಹಿಂಡಿ

ಗೋಕುಲ ರಸ್ತೆಯ ಗ್ಯಾರೇಜುಗಳ ಸಾಲಿನಲ್ಲಿ, ತನ್ನ ಖಾನಾವಳಿಗೆ ಎದುರಾಗಿ ಚನ್ನಬಸವ್ವ ಇನ್ನೊಂದು ಖಾನಾವಳಿ ತೆರೆದ ದಿನದಿಂದ ಬೀರವ್ವ ನೆಟ್ಟಗೆ ಉಂಡವಳಲ್ಲ. ರೊಟ್ಟಿ ಬಡಿಯುವಾಗ ಕೈ ಹಿಟ್ಟಿನ ಮೇಲೆ, ಕಣ್ಣು ರಸ್ತೆಯಾಚೆಯ ಒಲೆಯ ಮೇಲೆ. ಅಲ್ಲಿ ಯಾವ ಪಲ್ಯ ಕುದಿಯಿತು, ಯಾರು ಎರಡನೇ ಸಲ ಸಾರು ಹಾಕಿಸಿಕೊಂಡರು, ಎಲ್ಲವೂ ಇವಳಿಗೆ ಗೊತ್ತು. ಗಂಡ ಮೈಲಾರಪ್ಪ ನಗುತ್ತಿದ್ದ: "ಆಕಿ ಒಲಿಗೆ ಕಟಗಿ ಬ್ಯಾಡ ಬಿಡು, ನಿನ್ನ ಹೊಟ್ಟೀನ ಸಾಕು."

ಉರಿಗೆ ಎಣ್ಣೆ ಸುರಿದದ್ದು ಚನ್ನಬಸವ್ವ ಬಾಗಿಲಿಗೆ ಹಾಕಿದ ಬೋರ್ಡು. ಮೆಕ್ಯಾನಿಕ್ ಅಸ್ಫಾಕನ ಹೆಂಡತಿ ಫರಹತ ಮೊದಲು ಬಂದದ್ದು ಬೀರವ್ವನ ಹತ್ತಿರವೇ.

"ಶೇಂಗಾ ಹಾಕಲಾರದ್ದು ಏನರ ಐತೇನ್ರಿ ಅವ್ವಾರ? ನಮ್ಮ ಜೋಯಾಗ ಆಗಿಬರೂದಿಲ್ಲ. ಸಾಲ್ಯಾಗ ಒಂದ ತುಂಡ ಚಿಕ್ಕಿ ತಿಂದು ಗಂಟಲಾ ಬಾತು, ದವಾಖಾನಿಗೆ ಹೊತ್ಕೊಂಡ ಓಡಿದ್ವಿ."

ಬೀರವ್ವ ಖರೇ ಹೇಳಿದಳು: "ಇಲ್ಲ ತಂಗಿ. ನಾವು ಉಪ್ಪರ ಮರೀತೇವಿ, ಶೇಂಗಾ ಮರೆಯೂದಿಲ್ಲ. ಕೂಸಿನ್ನ ಕರಕೊಂಡ ಬರಬ್ಯಾಡ."

ಖರೇ ಹೇಳಿದ್ದಕ್ಕೆ ಸಿಕ್ಕ ಫಲವೇನು? ಮಾತು ರಸ್ತೆ ದಾಟಿತು. ಮರುದಿನವೇ ಚನ್ನಬಸವ್ವನ ಬಾಗಿಲಿಗೆ ಕೆಂಪಕ್ಷರ ಬಿತ್ತು: ‘ಇಲ್ಲಿ ಶೇಂಗಾ ಇಲ್ಲದ ಊಟ ಸಿಗುತ್ತದೆ.’ ಅದೇನೋ ಔಷಧದ ಊಟವೆಂದು ಬಗೆದು ಶೋರೂಮಿನ ಬಾಬುಗಳು, ಪಿತ್ತದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಅತ್ತ ನುಗ್ಗಿದರು. ಖಾನಾವಳಿ ತಪಾಸಣೆಯ ಸರಕಾರಿ ಸಾಹೇಬರೂ ಬಂದರು. ಬೋರ್ಡು ಓದಿದರು, ಹೊಟ್ಟೆ ತುಂಬ ಉಂಡರು, ಮೀಸೆ ಒರೆಸಿಕೊಂಡು ಹೋದರು. ಒಲೆಯ ಕಡೆ ಹಣಿಕಿ ಹಾಕಲಿಲ್ಲ. ಈ ಊರಿನಲ್ಲಿ ಬಡವರ ಕೂಸಿನ ಗಂಟಲಿಗೆ ಕಾವಲಿದ್ದದ್ದು ಸರಕಾರವಲ್ಲ, ಒಬ್ಬ ಹೆಂಗಸಿನ ಹೊಟ್ಟೆಕಿಚ್ಚು.

ಇವತ್ತು ಮುಂಜಾನೆ ಆ ಕಿಚ್ಚಿನ ಕಣ್ಣು ಕಂಡಿತ್ತು: ಚನ್ನಬಸವ್ವ ಎಣ್ಣೆಗಾಯಿಗೆಂದು ಬದನೆಕಾಯಿ ಸೀಳಿದಳು, ಹುರಿದು ಪುಡಿಯಾಗಿ ಕುಟ್ಟಿದ ಶೇಂಗಾ ಹಿಂಡಿಯನ್ನು ಡಬ್ಬಿಯಿಂದ ಬೊಗಸೆಗಟ್ಟಲೆ ತೆಗೆದಳು, ಮಸಾಲೆ ಕಲಸಿ ತುಂಬಿದಳು. ‘ಸುಳ್ಳಿ!’ ಎಂದು ಬೀರವ್ವ ಹಲ್ಲು ಕಡಿದಿದ್ದಳು.

ಮಧ್ಯಾಹ್ನ ಫರಹತ ಮಗಳ ಕೈ ಹಿಡಿದು ಅದೇ ಬೋರ್ಡಿನ ಕೆಳಗೆ ಒಳಹೊಕ್ಕಳು.

ಬೀರವ್ವ ಎದ್ದಳು. ಎದ್ದವಳು ಹೊಸ್ತಿಲಲ್ಲಿ ನಿಂತಳು. ತಿನ್ನಲಿ. ಅಂಬುಲೆನ್ಸ್ ಆಕೆಯ ಬಾಗಿಲಿಗೇ ಬರಲಿ. ಬೋರ್ಡು ಬೀಳಲಿ, ಒಲೆ ಆರಲಿ, ಗಿರಾಕಿಗಳು ತಲೆ ತಗ್ಗಿಸಿಕೊಂಡು ರಸ್ತೆ ದಾಟಿ ಇತ್ತ ಬರಲಿ. ಹಾಗೆಂದುಕೊಂಡು ನಿಂತದ್ದು ಖರೆ. ಅಷ್ಟರಲ್ಲಿ ತಾಟಿನ ಮುಂದೆ ಕೂತ ಜೋಯಾ ಅಂಗಿಯ ತೋಳು ಮೇಲೇರಿಸಿಕೊಂಡಳು, ಮದುವೆಯ ಊಟಕ್ಕೆ ಕೂತವರ ಹಾಗೆ. ಬೀರವ್ವ ಓಡಿದಳು.

"ಫರಹತ, ತಿನಿಸಬ್ಯಾಡ! ಶೇಂಗಾ ಐತಿ ಅದರಾಗ!"

ಉಣ್ಣುತ್ತಿದ್ದ ಹತ್ತಿ ವ್ಯಾಪಾರಿ ನೀಲಕಂಠಪ್ಪ ತಲೆಯೆತ್ತಿದ. "ಬರ್ರಿ ಬರ್ರಿ! ಹೊಟ್ಟಿಕಿಚ್ಚಿಗೆ ಕಾಲು ಮೂಡಿದ್ದು ಇವತ್ತ ನೋಡಿದ್ವಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಚನ್ನಬಸವ್ವ ಸೌಟು ಹಿಡಿದೇ ಬಂದಳು: "ನನ್ನ ಗಿರಾಕಿ ಕಂಡ್ರ ಕಣ್ಣಾಗ ಖಾರ ಬೀಳತೈತೇನಬೇ ನಿನಗ? ಹೋಗ, ನಿನ್ನ ನೊಣಾ ಹೊಡಿ ಹೋಗ."

ಫರಹತ ಅವಳ ಮುಖ ನೋಡಿದಳು, ಇವಳ ಮುಖ ನೋಡಿದಳು. ಜಗಳ ಯಾವುದು, ಖರೇ ಯಾವುದು ತಿಳಿಯಲಿಲ್ಲ. ಜೋಯಾಳಿಗೆ ಹಸಿವೊಂದೇ ತಿಳಿದಿತ್ತು. ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದಳು.

ಬೀರವ್ವ ಬಗ್ಗಿ ಆ ಬೆರಳುಗಳಿಂದ ತುತ್ತು ಕಸಿದು ತನ್ನ ಬಾಯಿಗಿಟ್ಟುಕೊಂಡಳು. ಸಾಲದೆ, ಬಾಯಿಗೆ ಹೋದ ಕೈಯನ್ನೇ ತಾಟಿನ ತುಂಬ ಆಡಿಸಿದಳು. "ಎಂಜಲಾತು! ಈಗ ಯಾರು ಉಣ್ಣತೀರಿ ಉಣ್ರಿ!"

ನಗು ನಿಂತಿತು. "ಯಾರ ತಾಟು, ಯಾರ ಬಾಯಿ! ಶಿವಶಿವಾ..." ಎಂದ ನೀಲಕಂಠಪ್ಪ. ವಿಷಕ್ಕೆ ಅಂಜದವರು ಎಂಜಲಿಗೆ ಅಂಜಿದರು.

"ಕೂಸಿನ ಮ್ಯಾಲ ಆಣಿ ಮಾಡಿ ಹೇಳ ಚನ್ನಬಸವ್ವ, ಶೇಂಗಾ ಇಲ್ಲೇನು ಇದರಾಗ?" ಎಂದಳು ಬೀರವ್ವ.

"ಎಲ್ಲೈತಿ? ಒಂದ ಕಾಳ ತೋರಸ! ನಾ ಹಾಕಿದ್ದು ಹಿಂಡಿ. ಹುರದು ಕುಟ್ಟಿದ ಮ್ಯಾಲ ನಂಜು ಎಲ್ಲಿ ಉಳೀತೈತಬೇ?"

ಅವಳು ಸುಳ್ಳಾಡಿರಲಿಲ್ಲ, ನಂಬಿದ್ದಳು. ಬೋರ್ಡು ಏರಿಸುವಾಗ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಯಾರೂ ಏನೂ ಕಲಿಸಿರಲಿಲ್ಲ.

ಫರಹತ ಮಗಳನ್ನು ನಲ್ಲಿಯ ಹತ್ತಿರ ಎಳೆದೊಯ್ದು ಕೈ ಕೆಂಪಾಗುವ ಹಾಗೆ ತಿಕ್ಕಿ ತೊಳೆದಳು. ಪಂಕ್ತಿ ಮತ್ತೆ ಉಣ್ಣತೊಡಗಿತು. "ನಮಗೇನ ಆಗೂದಿಲ್ಲಲ್ಲ," ಎಂದ ನೀಲಕಂಠಪ್ಪ, "ಇನ್ನೊಂದ ಬದ್ನಿಕಾಯಿ ಹಾಕ್ರಿ."

ಬೀರವ್ವ ರಸ್ತೆ ದಾಟುವಾಗಲೂ ಆ ತುತ್ತು ದವಡೆಯಲ್ಲೇ ಇತ್ತು. ತಾನು ಎಷ್ಟು ಬಡಿದಾಡಿದರೂ ತನ್ನ ಎಣ್ಣೆಗಾಯಿಗೆ ಬಾರದ ರುಚಿ. ಉಗುಳಬೇಕೆಂದವಳು ನುಂಗಿಬಿಟ್ಟಳು. ಅದರ ಸಿಟ್ಟು ಬೇರೆ.

ಹಿಂದೆಯೇ ಫರಹತ ಮಗಳೊಡನೆ ಬಂದಳು. "ನಿಮಗ ಹೆಂಗ ಗೊತ್ತಾತ್ರಿ ಅವ್ವಾರ?"

"ಹೆಂಗಂದ್ರ? ಹೊಟ್ಟಿಕಿಚ್ಚ ತಂಗಿ. ಹಗಲೆಲ್ಲಾ ಆಕಿ ಒಲೀನ ನೋಡಕೋತ ಕುಂದರ್ತೇನಿ."

ಫರಹತ ನಗಲಿಲ್ಲ. "ಊರಾಗ ಇಷ್ಟು ಖಾನಾವಳಿ ಅದಾವ, ಇಷ್ಟು ಸಾಲಿ ಅದಾವ. ಎಲ್ಲಾ ಒಲಿ ಮುಂದ ನಿಮ್ಮಂಥಾಕಿ ಒಬ್ಬಾಕಿ ಕುಂತಿರ್ತಾಳೇನ್ರಿ?"

ಜೋಯಾ ಅವರಿಬ್ಬರ ಮಾತು ಕೇಳುತ್ತಿರಲಿಲ್ಲ. ಒದ್ದೆ ಕೈಗಳನ್ನು ಅಂಗಿಗೆ ಒತ್ತಿಕೊಂಡು ರಸ್ತೆಯಾಚೆ ಉಣ್ಣುತ್ತಿದ್ದವರನ್ನೇ ನೋಡುತ್ತಿದ್ದಳು: ಯಾರನ್ನೂ ಏನೂ ಕೇಳದೆ ತುತ್ತು ಎತ್ತುವ ಆ ಕೈಗಳನ್ನು, ಅಂಜದೆ ತೆರೆಯುವ ಆ ಬಾಯಿಗಳನ್ನು. ಅಷ್ಟು ಸಣ್ಣ ಮುಖದಲ್ಲಿ ಉರಿಯುತ್ತಿದ್ದದ್ದು ಏನೆಂದು ಬೀರವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.