ಆರಜೂ ಅಳಬೇಕಿತ್ತು

ನನ್ನ ಅಕ್ಕ ಆರಜೂ ವಿಮಾನದಲ್ಲಿ ಗಗನಸಖಿ. ರಜೆಗೆ ನಮ್ಮೂರು ಮುಚ್ಚಂಡಿಗೆ ಬಂದವಳನ್ನು ನೋಡಲು ಓಣಿಯೆಲ್ಲ ನೆರೆಯಿತು. ಬಂದವರಿಗೆಲ್ಲ ನೀರು ಕೊಟ್ಟು ನಕ್ಕಳು, ಬಾಯಿಗೆ ಬಂದದ್ದು ಕೇಳಿದವರಿಗೂ ನಕ್ಕಳು. ನನಗೆ ಮೈ ಉರಿಯಿತು. ಚಿಕ್ಕವರಿದ್ದಾಗ ಇವಳ ಸಿಟ್ಟಿಗೆ ಹೆದರಿ ನಾನು ಅಟ್ಟ ಹತ್ತುತ್ತಿದ್ದೆ.

ನಮ್ಮಮ್ಮ ಖುರಷೀದ ಬಳೆ ಮಾರುವವಳು. ಅಕ್ಕನ ಕೈಗೆ ಹೊಸ ಬಳೆ ಏರಿಸುವಾಗ ಒಂದು ಒಡೆದು ಚರ್ಮ ಸೀಳಿತು. ರಕ್ತ ಇಳಿಯುತ್ತಿದ್ದರೂ ಅಕ್ಕ ನಗುತ್ತಲೇ, "ನಿಮಗೇನೂ ತ್ರಾಸ ಆಗಲಿಲ್ಲಲ್ರಿ?" ಎಂದು ಅಮ್ಮನನ್ನೇ ಕೇಳಿದಳು. ಹಡೆದವಳು ಇವಳಿಗೆ ಪ್ರಯಾಣಿಕಳಾಗಿದ್ದಳು. ಅಮ್ಮ ಅರಿವೆ ಹುಡುಕಿ ಗಾಯಕ್ಕೆ ಕಟ್ಟಿದಳು.

ಹೊರಡುವ ದಿನ ಅಕ್ಕ ಅಪ್ಪನ ಮುಂದೆ ಕೂತು ಹೇಳಿಯೇಬಿಟ್ಟಳು.

"ಅಬ್ಬಾ, ನಾ ಹೊಳ್ಳಿ ನೌಕರಿಗೆ ಹೋಗಾಂಗಿಲ್ಲ. ಬೈದೋರಿಗೂ ನಕ್ಕು ನಕ್ಕು ಒಳಗ ಏನೂ ಉಳದಿಲ್ಲ."

ಹೇಳುವಾಗಲೂ ನಗುತ್ತಿದ್ದಳು, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ. ಅಬ್ಬಾ ಗಹಗಹಿಸಿದರು.

"ಚಾಷ್ಟಿ ಮಾಡತೀ? ಖರೇನ ತ್ರಾಸ ಇದ್ದಿದ್ರ ಮಾರಿ ಮ್ಯಾಲ ಕಾಣತಿತ್ತು. ಲಗೂನ ತಯಾರಾಗು, ಬಸ್ ಬರತದ."

"ಕೂಸು ಇರಲಿ ಬಿಡ್ರಿ," ಎಂದಳು ಅಮ್ಮ. ಅಬ್ಬಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಹೂಂ ಅನ್ನದೆ ನಮ್ಮ ಮನೆಯಲ್ಲಿ ಯಾರೂ ಹೋಗುವಂತಿಲ್ಲ, ಉಳಿಯುವಂತೆಯೂ ಇಲ್ಲ. ಆದರೆ ಕಲ್ಲಿನಂಥವರಲ್ಲ, ಹೆಣ್ಣುಮಕ್ಕಳು ಅತ್ತರೆ ಕರಗುವವರು. ನಾನು ಅಕ್ಕನನ್ನು ಅಡುಗೆಮನೆಗೆ ಎಳೆದೊಯ್ದೆ.

"ಒಂದ ಸಲ ಅತ್ತುಬಿಡು ಆಪಾ. ಕಳಸಾಂಗಿಲ್ಲ ಅವ್ರು."

ಅವಳು ಕಣ್ಣು ಮುಚ್ಚಿದಳು, ತುಟಿ ಕಚ್ಚಿದಳು. "ಬರವಲ್ದು ಫಿರದೋಸ," ಎಂದಳು. ಧ್ವನಿ ನಡುಗಿತು, ಮುಖ ಮಾತ್ರ ನಗುತ್ತಲೇ ಇತ್ತು. ನನಗೆ ಹೆದರಿಕೆಯಾಯಿತು. ಬೇರೇನೂ ತೋಚದೆ ಉಳ್ಳಾಗಡ್ಡಿ ಜಜ್ಜಿ ಅವಳ ಕಣ್ಣ ಹತ್ತಿರ ಹಿಡಿದೆ. ನೀರು ದಳದಳ ಇಳಿದ ಕೂಡಲೇ ಪಡಸಾಲೆಗೆ ದೂಡಿದೆ.

ಅಬ್ಬಾ ಅವಳ ಒದ್ದೆ ಕೆನ್ನೆ ನೋಡಿದರು, ನಗುವ ತುಟಿ ನೋಡಿದರು. ಅವರ ಕಣ್ಣೂ ತುಂಬಿತು.

"ಮನಿ ಬಿಟ್ಟು ಹೋಗಾಕ ಜೀವ ಒಲ್ಲೆ ಅಂತದ, ಆದ್ರೂ ನಮಗ ದುಃಖ ಆಗಬಾರದಂತ ನಗತಾಳ ನೋಡು. ಇಂಥಾ ಮಗಳು ಯಾರಿಗದಾಳ?"

ತಲೆಯ ಮೇಲೆ ಕೈಯಿಟ್ಟು ಹರಸಿ, ತಾವೇ ಬ್ಯಾಗು ಹೊತ್ತು ಬಸ್ಸಿಗೆ ನಡೆದರು. "ಥ್ಯಾಂಕ್ಯೂ," ಎಂದು ಅಕ್ಕ ಅವರ ಹಿಂದೆ ಹೆಜ್ಜೆ ಹಾಕಿದಳು. ನಾನು ಕೂಗಲು ಬಾಯಿ ತೆರೆದೆ. ಆದರೆ ಉಳ್ಳಾಗಡ್ಡಿಯ ಮಾತು ಹೇಳಿದರೆ ಇದ್ದ ಕಣ್ಣೀರೂ ಸುಳ್ಳಾಗುತ್ತಿತ್ತು.