ಮರದಿಂದ ಇಳಿಸಿದ ಬೋರ್ಡು

ಚಂದ್ರನ ಮೇಲೆ ಕೆಟ್ಟು ನಿಂತ ಗಾಡಿಯೊಂದರ ಬೋರ್ಡನ್ನು ಬಿಚ್ಚಿ ನೇರವಾಗಿ ಮತ್ತಿಗಿರಿಯ ನನ್ನ ಅಂಗಡಿಗೆ ತಂದಿದ್ದರು. ನಾನು ಪೊಟ್ಟಣ ಒಡೆಯಲೂ ಇಲ್ಲ. ಮೂಗಿಗೆ ಹಿಡಿದೆ, ಯಾವ ಕೆಪಾಸಿಟರ್ ಉಬ್ಬಿದೆಯೆಂದು ಹೇಳಿದೆ, ವಾಪಸು ಕೊಟ್ಟೆ. ಯಾವ ದೇಶದ ಗಾಡಿ ಎಂದು ಕೇಳಬೇಡಿ, ಮಾತು ಕೊಟ್ಟಿದ್ದೇನೆ. ಎದುರು ಟೀ ಅಂಗಡಿಯ ಜಗನ್ ಮಾತ್ರ ನಂಬುವುದಿಲ್ಲ. "ಚಿನ್ನಸ್ವಾಮಿ, ನನ್ ಮಿಕ್ಸಿ ಆರ್ ತಿಂಗ್ಳಿಂದ ನಿನ್ತಾವ ಬಿದ್ದೈತೆ. ಅದು ಚಂದ್ರಂಗಿಂತ ದೂರಾನೇನ್ಲಾ?" ಎನ್ನುತ್ತಾನೆ. ಹೊಟ್ಟೆಯುರಿ.

ಅಂಥ ನನ್ನ ಮುಂದೆ, ಹೋದ ಕಾರ್ತಿಕದ ಒಂದು ಮಧ್ಯಾಹ್ನ, ನಾಟ್ರಾಂಪಾಳ್ಯದ ನಾಗಲಕ್ಷ್ಮಿ ಬಂದು ಕೂತಳು. ಮೂವತ್ತರ ಆಸುಪಾಸಿನ ಹೆಂಗಸು. ಬಸ್ಸು ಬದಲಿಸಿ ಬದಲಿಸಿ ಕಾಡಿನಂಚಿನಿಂದ ಬಂದಿದ್ದಳು. ಸೆರಗಿನೊಳಗಿಂದ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟಳು.

"ಅಣ್ಣ, ಇದು ಏನಂತ ಯೋಳ್ಬೇಕು ನೀವು."

"ಕೊಡಿ ತಾಯಿ. ನನ್ನ ಕಣ್ಣಿಗೆ ಬೀಳದಿರೋ ಬೋರ್ಡು ಇನ್ನೂ ಹುಟ್ಟಿಲ್ಲ."

ಅವಳು ನಗಲಿಲ್ಲ. "ನಮ್ಮೆಜಮಾನ್ರು ಭೈರೇಶ್ ಅಂತ. ವಾರವೆಲ್ಲ ಹೊಸೂರಲ್ಲಿ ಫ್ಯಾಕ್ಟ್ರಿ, ಭಾನ್ವಾರ ಹೊಲ. ಹನ್ನೊಂದು ತಿಂಗ್ಳಾತು, ರೂಮ್ನಾಗೇ ಎದೆನೋವು ಬಂದು ಹೋಗ್ಬುಟ್ರು. ಹೋದ್ಮೇಲೂ ಹೊಲ್ದಾಗೆ ಅವ್ರ ದನಿ ಕೇಳ್ತದೆ. ನಾನು ಹೊಂಗೆ ಮರದ ಹತ್ರ ಹೋದ್ರೆ ಸಾಕು, ಹೋಗು, ಹೋಗು ಅಂತಾರೆ. ಬಾಕಿ ಮಾತು ಗಾಳೀಲಿ ತಿಳಿಯಾಕಿಲ್ಲ. ಅಷ್ಟಕ್ಕೇ ಓಡ್ಬಂದ್ಬುಡ್ತೀನಿ."

ನಾನು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದೆ.

"ಕೊನೇ ಭಾನ್ವಾರ ಜಗಳ ಆಡ್ಕಂಡೇ ಬಸ್ ಹತ್ತಿದ್ರು. ನಿನ್ ಮ್ಯಾಲಿನ ಕ್ವಾಪ ಇನ್ನೂ ತೀರಿಲ್ಲ, ಹೊಲಕ್ಕೆ ಕಾಲಿಡ್ಬ್ಯಾಡ ಅಂತಾರೆ ನಮ್ಮತ್ತೆ. ರಾಗಿ ಒಣಗಿ ನಿಂತೈತೆ, ಕೊಯ್ಯೋರಿಲ್ಲ. ಮೂರು ದಿನದ ಹಿಂದೆ ಗಾಳಿಗೆ ಹೊಂಗೆ ಕೊಂಬೆ ಮುರ್ದು ಬಿತ್ತು. ಅವತ್ತಿಂದ ದನಿ ಇಲ್ಲ. ಕೊಂಬೇಲಿ ಇದು ಕಟ್ಟಿತ್ತು. ಅಣ್ಣ, ಆ ದನಿ ಇದ್ರಾಗಿಂದ ಬಂತಾ, ಇಲ್ಲ ಅವ್ರೇನಾ? ನನ್ನೇನಾ ಹೋಗು ಅಂದಿದ್ದು?"

ಅತ್ತೆಗೆ ಮಾತ್ರೆ ತರುವುದಿತ್ತು. ನಾಲ್ಕು ಗಂಟೆಗೆ ಬರುತ್ತೇನೆಂದು ಹೋದಳು.

ಡಬ್ಬಿ ಬಿಚ್ಚಿದೆ. ಒಡೆದ ಸೋಲಾರ್ ತಟ್ಟೆ, ಒಂದು ಬ್ಯಾಟರಿ, ತೂತುತೂತಿನ ಬೋರ್ಡು. ಕಂಪನಿಯ ಹೆಸರಿಲ್ಲ. ಕೈಯಿಂದಲೇ ಹಾಕಿದ ಬೆಸುಗೆ, ಒಂದೊಂದೂ ಸಾಸಿವೆ ಕಾಳಿನಷ್ಟು ದುಂಡಗೆ. ಬೋರ್ಡಿನ ಮಿದುಳಾದ ದೊಡ್ಡ ಚಿಪ್ಪು, ಅಂದರೆ ಐಸಿ, ಅದರ ಬೆನ್ನಿನ ನಂಬರು ಅಳಿಸಿಹೋಗಿತ್ತು. ಐಸಿ ತನ್ನ ಹೆಸರು ಹೇಳದಿದ್ದರೆ ಅಕ್ಕಪಕ್ಕದವರನ್ನು ವಿಚಾರಿಸಬೇಕು. ಒಂದು ಪಕ್ಕ ತೊಗರಿಬೇಳೆಯಷ್ಟು ಮೈಕು. ಹಾಗಾದರೆ ಇದಕ್ಕೆ ಕಿವಿಯಿದೆ. ಇನ್ನೊಂದು ಪಕ್ಕ ಎಂಟು ಕಾಲಿನ ಪುಟ್ಟ ಐಸಿ, ಅಲ್ಲಿಂದ ದಪ್ಪ ಕೆಪಾಸಿಟರ್, ಅಲ್ಲಿಂದ ಸ್ಪೀಕರಿನ ವೈರು; ಬಾಯೂ ಇದೆ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಳುವ ಐಸಿ ಇದು. ಹೇಳುವುದು ಯಾವಾಗ? ಮುಂಭಾಗದಲ್ಲಿ ಅರ್ಧ ಮೊಟ್ಟೆಯಂಥ ಬಿಳಿ ಗುಬುಟಿತ್ತು. ದೊಡ್ಡ ಆಫೀಸಿನ ಕಕ್ಕಸಿನಲ್ಲಿ ನಾವು ಕಾಲಿಟ್ಟೊಡನೆ ದೀಪ ಹತ್ತಿಸುತ್ತದಲ್ಲ, ಅದೇ. ಬಿಸಿ ಮೈ ಸುಳಿದರೆ ಎಚ್ಚರವಾಗುತ್ತದೆ. ಪಕ್ಕದಲ್ಲಿ ಎರಡು ಗುಂಡಿ, ಒಂದು ಕೆಂಪು, ಒಂದು ಕಪ್ಪು. ಕಾಡಿನಂಚಿನ ಹೊಲ, ಹೋಗು ಎನ್ನುವ ದನಿ: ಈಗ ಅರ್ಥವಾಯಿತು. ಅಂಚೆಟ್ಟಿ ಕಾಡಿನಿಂದ ರಾಗಿಗೆ ಇಳಿಯುವ ಆನೆಗಳನ್ನು ಓಡಿಸಲು ಭೈರೇಶ್ ತನ್ನ ದನಿಯನ್ನು ಮರಕ್ಕೆ ಕಟ್ಟಿದ್ದ. ಯಾರಿಗೂ ಹೇಳುವ ಮೊದಲೇ ಸತ್ತಿದ್ದ.

ಕರೆಂಟು ಕೊಟ್ಟೆ. ದೆವ್ವ ಭೂತಗಳು ನನ್ನ ಅಂಗಡಿಯ ಮುಂದೆ ಚಪ್ಪಲಿ ಕಳಚಿ ಹೋಗುತ್ತವೆ, ನನಗೇನು ಭಯ? ಸತ್ತವನು ಸ್ಪಷ್ಟವಾಗಿ ಕೂಗಿದ. ನಾನು ಕಾಲಮೇಲೆ ಕಾಲು ಹಾಕಿಕೊಂಡು ಕೇಳಿದೆ.

ನಾಲ್ಕಕ್ಕೆ ನಾಗಲಕ್ಷ್ಮಿ ಬಂದಳು. ಗುಬುಟಿನ ಮುಂದೆ ಕೈ ಆಡಿಸಿದೆ. "ಏ ಆನೇ! ಹೋಗು! ಹೋಗ್ಲಾ ಆನೇ!" ಎಂದಿತು ಸ್ಪೀಕರು.

"ನೋಡಿದ್ರಾ ತಾಯಿ? ನಿಮಗಲ್ಲ, ಆನೆಗೆ."

ಅವಳು ತಾನೇ ಕೈ ಚಾಚಿ ಇನ್ನೊಮ್ಮೆ ಕೂಗಿಸಿದಳು. ಮತ್ತೊಮ್ಮೆ. ಆಮೇಲೆ ಡಬ್ಬಿ ಬಿಟ್ಟು ನನ್ನನ್ನೇ ನೋಡಿದಳು.

"ಇದ್ಯಾರ ದನಿ ಅಣ್ಣ?"

"ಸ್ಪೀಕರ್ ಸಣ್ಣದು ತಾಯಿ, ದನಿ ಒಡೀತದೆ..."

"ಒಡೀಲಿ. ನಮ್ ಕಡೆ ಹೊಲ್ದಾಗೆ ನಿಂತ್ಕಂಡು ಆ ಹೆಸ್ರು ಯಾರೂ ಎತ್ತಾಕಿಲ್ಲ. ಎತ್ತಿದ್ರೆ ಕರ್ದಂಗೆ. ಸಾಮಿ ಅಂತೀವಿ. ಕೈ ಮುಗ್ದು ಹೋಗು ಸಾಮಿ ಅಂತೀವಿ. ಮಾತು ಬಂದ ಮಗೂಗೂ ಗೊತ್ತು ಇದು. ಅವ್ರು ಲಾ ಅಂತಾರಾ ಸಾಮೀಗೆ?"

ನಾನು ಮತ್ತಿಗಿರಿಯವನು. ನಮಗೆ ಆನೆ ಎಂದರೆ ಪೇಪರಿನಲ್ಲಿ ಬರುವ ಸುದ್ದಿ. ಈ ಕಟ್ಟಳೆ ನನಗೆಲ್ಲಿ ಗೊತ್ತು? ಅವಳಿಗೆ ಹೇಳಿದ್ದು ಸುಳ್ಳು, ಈಗ ನಿಮಗೆ ಹೇಳಿದ್ದೂ ಸುಳ್ಳೇ. ನಡೆದದ್ದು ಇಷ್ಟು.

ಕರೆಂಟು ಕೊಟ್ಟ ಮೇಲೆ ಒಂದು ನಿಮಿಷ ಏನೂ ಆಗಲಿಲ್ಲ. ಏನು ತಪ್ಪಿದೆಯೆಂದು ಬಗ್ಗಿದೆ. ಗುಬುಟು ನನ್ನ ಮುಖ ಕಂಡಿರಬೇಕು. ಖಾಲಿ ಅಂಗಡಿಯಲ್ಲಿ, ನನ್ನ ಕಿವಿಯ ಪಕ್ಕದಲ್ಲೇ, ಒಬ್ಬ ಗಂಡಸು ಉಸಿರೆಳೆದುಕೊಂಡ. ಮಾತಾಡುವ ಮುಂಚೆ ಎಳೆಯುತ್ತೇವಲ್ಲ, ಆ ಉಸಿರು. ನಾನು ಕಿರುಚುತ್ತಲೇ, ಅದರ ಬಾಯಿ ಮುಚ್ಚಿಸಲೆಂದು ಬೆರಳಿಗೆ ಸಿಕ್ಕ ಗುಂಡಿಯನ್ನು ಕಣ್ಣುಮುಚ್ಚಿ ಅದುಮಿ ಹಿಡಿದೆ. ಕೆಂಪು ಗುಂಡಿ. ಹಳೆಯ ದನಿಯನ್ನು ಒರೆಸಿ ಹೊಸದನ್ನು ತುಂಬುವ ಗುಂಡಿ. ಕಣ್ಣು ಬಿಟ್ಟ ಮೇಲೆ ಅದರಿಂದ ಬಂದದ್ದು ನನ್ನದೇ "ಅಯ್ಯಯ್ಯೋ ಅಮ್ಮಾ." ಹನ್ನೊಂದು ತಿಂಗಳು ಮಳೆ ಬಿಸಿಲಿನಲ್ಲಿ ಉಳಿದವನನ್ನು ನಾನು ಒಂದೇ ಬೆರಳಿನಲ್ಲಿ ಅಳಿಸಿದ್ದೆ. ಆಮೇಲೆ ಅದೇ ಗುಂಡಿ ಅದುಮಿ, ಬಾಯಿಗೆ ಟವೆಲ್ಲು ಹಿಡಿದು ಆನೆಯನ್ನು ಓಡಿಸಿದವನೂ ನಾನೇ.

ಇಷ್ಟನ್ನೂ ಅವಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಅವಳು ಡಬ್ಬಿಯನ್ನು ತನ್ನತ್ತ ಎಳೆದುಕೊಂಡು, "ನನ್ನಲ್ಲ ಹಂಗಾದ್ರೆ?" ಎಂದಳು.

"ನಿಮ್ಮನ್ನಲ್ಲ ತಾಯಿ. ಇದೊಂದು ನಿಜ. ಈ ಗುಬುಟಿಗೆ ಬಿಸಿ ಮೈ ಗೊತ್ತಾಗುತ್ತೆ. ಯಾರ ಮೈ ಅಂತ ಗೊತ್ತಾಗಲ್ಲ."

"ಆ ಉಸ್ರು ಹೆಂಗಿತ್ತು? ಮಾಡ್ತೋರ್ಸಿ."

ಮಾಡಿದೆ. ಸಣ್ಣದು, ಮೂಗಿನಲ್ಲಿ ಎಳೆದದ್ದು, ನಡುವೆ ಒಂದಿಷ್ಟು ತಡೆದದ್ದು. ಕೂದಲಿನಷ್ಟೂ ಸೇರಿಸಲಿಲ್ಲ.

ಅವಳು ಕಣ್ಣು ಮುಚ್ಚಿದಳು. "ಅವ್ರೇ. ಇನ್ನೊಂದ್ಸಲ."

ಎರಡನೆಯ ಸಲ ಬಂದದ್ದು ಬರೀ ನನ್ನ ಉಸಿರು. ಹಾಗೆಂದೇ ಅವಳಿಗೆ ಹೇಳಿದೆ.