ರಶ್ ಎಂದರೆ

ಶಿವಮೊಗ್ಗದ ಗೋಪಾಳದಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಮನೆಯ ಮೇಲಿನ ಕೋಣೆ, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಬೋರ್ಡು. ನನ್ನ ಹೆಸರು ಹುಮಾ. ಬೆನ್ನ ಹಿಂದೆ ಎಲ್ಲರೂ ಕರೆಯುವುದು ‘ಸೂಜಿ ಮೇಡಂ’ ಅಂತ. ತಪ್ಪು ಕಂಡರೆ ಚುಚ್ಚದೆ ಬಿಡುವುದಿಲ್ಲವಂತೆ. ಬಿಡುವುದಿಲ್ಲ, ನಿಜ.

ನಮ್ಮ ಕಡೆಯವರೆಲ್ಲ ಎಡವುವ ಪದ ಒಂದಿದೆ, ರಶ್. ಸಂಧ್ಯಾ ಅಂತ ಒಬ್ಬಳು ಆಯನೂರಿನಿಂದ ಬರುತ್ತಾಳೆ. ವಾರಕ್ಕೆ ನಾಲ್ಕು ದಿನ ಲೇಟು. “ಬಸ್ ರಶ್ ಇತ್ತು ಮೇಡಂ” ಅನ್ನುತ್ತಾಳೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ ಅಂತ ಅವಳ ಅರ್ಥ.

“ಜನ ತುಂಬಿದ್ರೆ ಕ್ರೌಡ್ ಅನ್ನು ಮಾರಾಯ್ತಿ. ರಶ್ ಅಂದ್ರೆ ಓಡು, ಎದ್ದೆನೋ ಬಿದ್ದೆನೋ ಅಂತ ಹೊರಡು. ಅದು ಮಾಡೋ ಕೆಲಸ, ಜನರ ಗುಂಪಲ್ಲ” ಅಂತ ಹೇಳಿ ಅವಳನ್ನು ಬಾಗಿಲಿನಿಂದ ಕುರ್ಚಿಯ ತನಕ ಓಡಿಸುತ್ತೇನೆ. ಎಲ್ಲರೂ ನಗುತ್ತಾರೆ. ಹಾಗೆ ಕಲಿತದ್ದು ಬೇಗ ಮರೆಯುವುದಿಲ್ಲ.

ತಿದ್ದದೆ ಬಿಟ್ಟದ್ದು ಒಬ್ಬನನ್ನು ಮಾತ್ರ, ನನ್ನ ತಮ್ಮ ಮೊಹ್ಸಿನ್‌ನನ್ನು. ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ಅವನದೊಂದು ಬೈಕ್ ಗ್ಯಾರೇಜು. ಹೋದ ರಂಜಾನಿನಲ್ಲಿ “ನಂಗೂ ಇಂಗ್ಲಿಷ್ ಕಲ್ಸು ಆಪಾ” ಅಂದ. ಇನ್ನು ಮೇಲೆ ನಮ್ಮಿಬ್ಬರ ಮೆಸೇಜು ಇಂಗ್ಲಿಷಿನಲ್ಲೇ ಇರಬೇಕು ಅಂತ ನಾನೇ ಕಾನೂನು ಮಾಡಿದೆ. ಪಾಪ, ಆಯಿಲ್ ಮೆತ್ತಿದ ಬೆರಳಲ್ಲೇ ಒತ್ತುತ್ತಿದ್ದ. ‘ಗ್ಯಾರೇಜ್ ರಶ್. ಕಾಲ್ ಲೇಟರ್.’ ಹೀಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಊರಿನವರನ್ನೆಲ್ಲ ಚುಚ್ಚುವ ನಾನು ಅವನಿಗೆ ಮಾತ್ರ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಅವನು ಬರೆಯುತ್ತಿದ್ದಾನಲ್ಲ ಅನ್ನುವುದೇ ನನಗೆ ಖುಷಿ.

ಎದೆನೋವು ಅಂತ ಅಬ್ಬಾರನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿ ಎರಡು ದಿನವಾಗಿತ್ತು. ಜೊತೆಗೆ ನಾನೊಬ್ಬಳೇ ಇದ್ದೆ. ಅಮ್ಮಿ ಭದ್ರಾವತಿಯಲ್ಲಿ ಮೊಹ್ಸಿನ್ ಜೊತೆ ಇದ್ದರು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಬ್ಬಾ ಒಮ್ಮೆಲೇ ಬೆವರಿ ಬಿಳಿಚಿಕೊಂಡರು. ಡಾಕ್ಟರು ನೋಡಿ, “ಮನೆಯವರನ್ನ ಕರೆಸಿಬಿಡಿ. ಜಾಸ್ತಿ ಹೊತ್ತಿಲ್ಲ” ಅಂದರು. ಸ್ಟ್ರೆಚರಿನ ಹಿಂದೆ ಓಡುತ್ತ ಫೋನ್ ತೆಗೆದರೆ ಮೊಹ್ಸಿನ್‌ನ ಮೆಸೇಜು ಆಗಲೇ ಬಂದು ಕೂತಿತ್ತು. ‘ಅಮ್ಮಿ ರೆಡಿ. ಕಮಿಂಗ್ ನೌ?’

ನಾನು ಒಂದೇ ಪದ ಒತ್ತಿದೆ. ‘ರಶ್.’

‘ಓಕೆ’ ಅಂತ ಬಂತು.

ಐಸಿಯು ಬಾಗಿಲಲ್ಲಿ ವಾಚ್‌ಮನ್ ಫೋನ್ ಇಸಿದುಕೊಂಡ. ಒಬ್ಬರಿಗಷ್ಟೇ ಒಳಗೆ ಜಾಗ, ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ ಅಂದ. ನಾನು ಒಳಗೇ ಉಳಿದೆ.

“ಹೊರಟ್ರಾ?” ಅಂತ ಅಬ್ಬಾ ಕೇಳಿದರು.

“ಹೊರಟಿದಾರೆ ಅಬ್ಬಾ. ಮೊಹ್ಸಿನ್, ಅಮ್ಮಿ ಇಬ್ರೂ. ಇನ್ನೇನು ಬಂದ್ರು.”

ಭದ್ರಾವತಿಯಿಂದ ಇಲ್ಲಿಗೆ ಎಂಥ ಟ್ರಾಫಿಕ್ ಇದ್ದರೂ ಮುಕ್ಕಾಲು ಗಂಟೆ. ಬಾಗಿಲು ಸದ್ದಾದಾಗಲೆಲ್ಲ ಅಬ್ಬಾ ಕಣ್ಣು ತೆರೆಯುತ್ತಿದ್ದರು. ಒಮ್ಮೆ ನರ್ಸ್ ಬಂದಳು, ಒಮ್ಮೆ ನೆಲ ಒರೆಸುವವಳು. “ನಿಮ್ಮಮ್ಮಿಗೆ ಮೆಟ್ಲು ಹತ್ತೋಕಾಗಲ್ಲ, ಲಿಫ್ಟಲ್ಲಿ ಕರ್ಕೊಂಡ್ ಬಾ ಅನ್ನು ಅವನಿಗೆ” ಅಂದರು ಅಬ್ಬಾ. ಹನ್ನೆರಡೂವರೆಯ ಮೇಲೆ ಬಾಗಿಲು ಸದ್ದಾದರೂ ಕಣ್ಣು ತೆರೆಯಲಿಲ್ಲ. ಒಂದೂ ಹತ್ತಕ್ಕೆ ಹೋದರು.

ವಾಚ್‌ಮನ್ ಹತ್ತಿರ ಫೋನ್ ಇಸಿದುಕೊಂಡು ಮೊಹ್ಸಿನ್‌ಗೆ ಮಾಡಿದೆ. ದಾರಿಯಲ್ಲಿ ಏನಾದರೂ ಆಯಿತೇನೋ ಅಂತಲೇ ನನ್ನ ಭಯ. ಹಿಂದೆ ಗ್ಯಾರೇಜಿನ ಸದ್ದು ಕೇಳುತ್ತಿತ್ತು.

“ಹೇಳು ಆಪಾ. ರಶ್ ಕಮ್ಮಿ ಆಯ್ತಾ? ಹೊರಡ್ಲಾ? ಅಮ್ಮಿ ಆವಾಗಿಂದ ಬುರ್ಖಾ ಹಾಕ್ಕೊಂಡೇ ಕೂತಿದಾರೆ.”

ಅರ್ಥವಾಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಲಗೈ ತೋರುಬೆರಳಿನಲ್ಲಿ ಬೋರ್ಡಿನ ಮಾರ್ಕರ್ ಶಾಯಿ ಇನ್ನೂ ಹೋಗಿರಲಿಲ್ಲ. ಅದನ್ನೇ ಹೆಬ್ಬೆರಳಿನಿಂದ ಉಜ್ಜುತ್ತ ನಿಂತೆ.

“ಕಮ್ಮಿ ಆಯ್ತು,” ಅಂದೆ. “ಬಾ.”

ಅಬ್ಬಾ ಹೋದ ಮೂರನೆಯ ದಿನ ಭದ್ರಾವತಿಯ ಮನೆಯಲ್ಲಿ ಜಿಯಾರತ್‌ನ ಪ್ರಾರ್ಥನೆ ಮುಗಿಯಿತು. ಬಂದವರೆಲ್ಲ ಊಟ ಮಾಡಿ ಹೋದರು. ಈ ಮೂರು ದಿನದಲ್ಲಿ ನಾನು ಪಾತ್ರೆ ತೊಳೆದಿದ್ದೆ, ಚಾಪೆ ಹಾಸಿದ್ದೆ, ಹೇಗಾಯಿತು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೆ. ಯಾವುದೂ ನನಗೆ ತಾಗಿರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ಒಸಡಿನ ಹಾಗೆ ಇದ್ದೆ.

ಮೊಹ್ಸಿನ್‌ಗೆ ಇನ್ನೂ ಗೊತ್ತಿಲ್ಲ. “ನಾವು ಆಗ್ಲೇ ಬರೋರಿದ್ವಿ, ಆಪಾನೇ ರಶ್ ಇದೆ ಅಂದ್ಲು” ಅಂತ ಬಂದವರಿಗೆಲ್ಲ ಹೇಳಿದ್ದ. ದೂರುವ ದನಿಯಲ್ಲಲ್ಲ, ನಡೆದದ್ದನ್ನು ಹೇಳುವಂತೆ. ಕೇಳಿದವರು ನನ್ನ ಕಡೆ ಒಮ್ಮೆ ನೋಡುತ್ತಿದ್ದರು.

ಮನೆ ಖಾಲಿಯಾದ ಮೇಲೆ ಅಮ್ಮಿ ನನ್ನನ್ನು ಹತ್ತಿರ ಕರೆದರು. ಮೊಹ್ಸಿನ್ ಅಲ್ಲೇ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

“ಹುಮಾ, ಆಸ್ಪತ್ರೆಲಿ ಎಷ್ಟ್ ಜನ ಇದ್ರೆ ಏನಮ್ಮ? ನಲವತ್ತೆರಡು ವರ್ಷ ಜೊತೆಗಿದ್ದವಳು ನಾನು. ನಾನೊಬ್ಳು ನಿಲ್ಲೋಷ್ಟು ಜಾಗ ಇರ್ಲಿಲ್ವಾ ಅಲ್ಲಿ?”

ಮೊಹ್ಸಿನ್ ಕುರ್ಚಿ ಹಿಡಿದುಕೊಂಡು ನನ್ನ ಕಡೆ ನೋಡಿದ. ದಿನಾ ಕ್ಲಾಸಿನಲ್ಲಿ ಹೇಳುವ ಒಂದು ಮಾತು ಹೇಳಿದ್ದರೆ ಅಮ್ಮಿಗೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ಅವನು ಅದನ್ನು ಹೊತ್ತುಕೊಂಡೇ ಬದುಕಬೇಕಿತ್ತು.

“ಇರ್ಲಿಲ್ಲ ಅಮ್ಮಿ,” ಅಂದೆ. “ತುಂಬಾ ರಶ್ ಇತ್ತು.”